‘ನಿಮ್ಮ ಬ್ರೌಸರ್ ಬೆಂಬಲಿತವಲ್ಲ’ ಎಂದು ಜಾಲತಾಣ ತಡೆದಾಗ ದೋಷ ಹುಡುಕುವ ಕ್ರಮ

ಬಾಗಲಕೋಟೆ, ಜಮಖಂಡಿ, ವಿಜಯಪುರದ ಕಡೆಯ ಆನ್‌ಲೈನ್ ಸೆಂಟರುಗಳಿಂದ ದುರಸ್ತಿಗೆಂದು ಬರುವ ಕರೆಗಳಲ್ಲಿ ಈಚೀಚೆಗೆ ಒಂದು ಬಗೆಯ ದೂರು ಹೆಚ್ಚಾಗಿದೆ. ಕಂಪ್ಯೂಟರ್ ಸರಿಯಾಗಿರುತ್ತದೆ, ನೆಟ್ ಓಡುತ್ತಿರುತ್ತದೆ, ಉಳಿದ ತಾಣಗಳೆಲ್ಲ ತೆರೆದುಕೊಳ್ಳುತ್ತವೆ. ಆದರೆ ಅರ್ಜಿ ಹಾಕಬೇಕಾದ ಆ ಒಂದು ತಾಣ ಮಾತ್ರ ‘ನಿಮ್ಮ ಬ್ರೌಸರ್ ಬೆಂಬಲಿತವಲ್ಲ’ ಎಂದೋ, ‘ಪ್ರವೇಶ ನಿರಾಕರಿಸಲಾಗಿದೆ’ ಎಂದೋ ತೋರಿಸಿ ನಿಂತುಬಿಡುತ್ತದೆ. ಫೋನಿನಲ್ಲಿ ಅಂಗಡಿಯವರು ಹೇಳುವುದು ‘ಸರ್, ಸೈಟ್ ತಗೋವಲ್ದರಿ’ ಎಂಬಷ್ಟೇ. ಅಷ್ಟರಿಂದ ದೋಷ ಎಲ್ಲಿದೆಯೆಂದು ತಿಳಿಯುವುದಿಲ್ಲ. ಸರತಿಯಲ್ಲಿ ಜನ ಕಾಯುತ್ತಿರುವಾಗ ಬ್ರೌಸರ್ ತೆಗೆದುಹಾಕಿ ಮತ್ತೆ ಹಾಕುವುದು, ವಿಂಡೋಸನ್ನೇ ಹೊಸದಾಗಿ ಹಾಕುವುದು ಇವೆಲ್ಲ ಸಮಯ ತಿನ್ನುವ ಕೆಲಸಗಳು, ಮತ್ತು ಹೆಚ್ಚಿನ ಸಲ ಅವುಗಳಿಂದ ಏನೂ ಬದಲಾಗುವುದಿಲ್ಲ.

ಈ ದೂರು ಬರುವ ಯಂತ್ರಗಳಿಗೂ ಒಂದು ಹೋಲಿಕೆಯಿದೆ. ಎರಡು ಜಿಬಿ ರ‍್ಯಾಮಿನ ಹಳೆಯ ಯಂತ್ರಕ್ಕೆ ಹಗುರಾದ ಲಿನಕ್ಸ್ ಹಾಕಿ, ಅದರ ಮೇಲೆ ಪೇಲ್ ಮೂನ್ ಅಥವಾ ಫಾಲ್ಕನ್ ಬ್ರೌಸರ್ ಇಟ್ಟುಕೊಂಡವರು ಕೆಲವರು. ವಿಂಡೋಸ್ 7ರಲ್ಲೇ ಉಳಿದವರು ಹಲವರು. ಖಾಸಗಿತನದ ಕಾಳಜಿಯಿಂದ ಬ್ರೇವ್, ಲಿಬ್ರೆವುಲ್ಫ್, ವಿವಾಲ್ಡಿ ಬಳಸುವ ಕಾಲೇಜು ಹುಡುಗರು ಇನ್ನು ಕೆಲವರು. ಇವರಲ್ಲಿ ಯಾರ ಬ್ರೌಸರೂ ಕೆಟ್ಟಿರುವುದಿಲ್ಲ. ತಾಣವನ್ನು ಕಟ್ಟಿದವರು ಹೆಚ್ಚು ಜನ ಬಳಸುವ ಎರಡು ಮೂರು ಬ್ರೌಸರುಗಳನ್ನಷ್ಟೇ ಪರೀಕ್ಷಿಸಿ, ಉಳಿದವುಗಳ ಮುಂದೆ ಬಾಗಿಲು ಹಾಕಿರುತ್ತಾರೆ; ಅಥವಾ ಬಾಟ್ ಎಂಬ ಸ್ವಯಂಚಾಲಿತ ಪ್ರೋಗ್ರಾಂಗಳನ್ನು ತಡೆಯಲು ಇಟ್ಟ ಕಾವಲು ಅಪರೂಪದ ಬ್ರೌಸರನ್ನೂ ಅನುಮಾನದಿಂದ ನೋಡುತ್ತದೆ. ಈ ಎರಡು ಕಾರಣಗಳಿಗೆ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ದೋಷ ಇನ್ನಷ್ಟು ಬಿಗಿಯಾಗುತ್ತದೆ. ಆದ್ದರಿಂದ ಏನನ್ನೂ ಬದಲಿಸುವ ಮೊದಲು, ತಡೆದವರು ಯಾರು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು.

ತಡೆ ಎಲ್ಲಿಂದ ಬಂತು

ಮೊದಲು ಪ್ರೈವೇಟ್ ವಿಂಡೋ ತೆರೆದು ಅದೇ ವಿಳಾಸಕ್ಕೆ ಹೋಗಬೇಕು. ಅಲ್ಲಿ ತಾಣ ತೆರೆದರೆ ದೋಷ ಹಳೆಯ ಕುಕಿಯಲ್ಲಿ (ತಾಣ ಬ್ರೌಸರಿನಲ್ಲಿ ಬರೆದಿಡುವ ಟಿಪ್ಪಣಿ), ಕ್ಯಾಶಿನಲ್ಲಿ (ಬ್ರೌಸರ್ ಉಳಿಸಿಟ್ಟುಕೊಂಡ ಹಳೆಯ ಪ್ರತಿ) ಅಥವಾ ಬ್ರೌಸರಿಗೆ ಸೇರಿಸಿಕೊಂಡ ಯಾವುದೋ ಎಕ್ಸ್‌ಟೆನ್ಶನ್ನಿನಲ್ಲಿದೆ ಎಂದರ್ಥ. ತಾಣಗಳು ‘ಈ ಬ್ರೌಸರ್ ಬೇಡ’ ಎಂಬ ತೀರ್ಮಾನವನ್ನು ಕುಕಿಯಲ್ಲಿ ಬರೆದಿಡುವುದುಂಟು. ‘ಈ ಪುಟ ಬೇರೆ ವಿಳಾಸಕ್ಕೆ ಹೋಗಿದೆ’ ಎಂದು ಸರ್ವರ್ ಹೇಳುವ 301 ಸಂಖ್ಯೆಯ ಶಾಶ್ವತ ಮರುನಿರ್ದೇಶನವನ್ನಂತೂ ಬ್ರೌಸರೇ ನೆನಪಿಟ್ಟುಕೊಂಡು, ಮುಂದಿನ ಸಲ ಸರ್ವರನ್ನು ಕೇಳದೆಯೇ ‘ಬೆಂಬಲಿತವಲ್ಲ’ ಪುಟಕ್ಕೆ ಹಾರುತ್ತದೆ. ಹೀಗಿರುವಾಗ ಏನು ಸರಿಪಡಿಸಿದರೂ ಫಲ ಕಾಣುವುದಿಲ್ಲ. ಮುಂದೆ ಹೇಳುವ ಪ್ರತಿಯೊಂದು ಪರೀಕ್ಷೆಯನ್ನೂ ಹೊಸ ಪ್ರೈವೇಟ್ ವಿಂಡೋದಲ್ಲೇ ಮಾಡಬೇಕೆನ್ನುವುದು ಇದಕ್ಕಾಗಿ.

ಎರಡನೆಯದಾಗಿ, ಅದೇ ಯಂತ್ರದಲ್ಲಿ, ಅದೇ ನೆಟ್‌ನಲ್ಲಿ, ಇನ್ನೊಂದು ಸಾಮಾನ್ಯ ಬ್ರೌಸರಿನಿಂದ ಪ್ರಯತ್ನಿಸಬೇಕು. ಅದರಲ್ಲೂ ತೆರೆಯದಿದ್ದರೆ ಬ್ರೌಸರಿನ ಹೆಸರನ್ನು ದೂರುವುದು ವ್ಯರ್ಥ. ಅರ್ಜಿಯ ಕೊನೆಯ ದಿನ ಎಲ್ಲರೂ ಒಟ್ಟಿಗೆ ನುಗ್ಗಿದಾಗ ಸರ್ವರ್ 503 ಅಥವಾ 504 (ಈಗ ಪುಟ ಕೊಡಲಾಗದು ಎಂಬ ಸಂಖ್ಯೆಗಳು) ಎಂದು ಉತ್ತರಿಸುವುದು ಹೊಸ ಸಂಗತಿಯಲ್ಲ. ಅಂಥ ದಿನ ರಾತ್ರಿ ಹನ್ನೊಂದರ ಮೇಲೆ ಪ್ರಯತ್ನಿಸುವುದೇ ದುರಸ್ತಿ.

ಇನ್ನೊಂದು ಬ್ರೌಸರಿನಲ್ಲಿ ತೆರೆದು ಇದರಲ್ಲಿ ಮಾತ್ರ ತೆರೆಯದಿದ್ದರೆ ಎಫ್12 ಒತ್ತಿ ಬ್ರೌಸರಿನ ತಪಾಸಣಾ ಫಲಕ ತೆರೆದು ನೆಟ್‌ವರ್ಕ್ ಎಂಬ ಭಾಗಕ್ಕೆ ಹೋಗಿ ಪುಟವನ್ನು ಮತ್ತೊಮ್ಮೆ ತರಿಸಬೇಕು. ಅಲ್ಲಿ ಮೂಡುವ ಸಾಲುಗಳಲ್ಲಿ ಮೊಟ್ಟಮೊದಲನೆಯದನ್ನು ನೋಡಿದರೆ ಸಾಕು. ಅದರ ಸ್ಥಿತಿ 403 ಎಂದಿದ್ದರೆ ತಡೆದದ್ದು ಸರ್ವರ್; ಪುಟದ ಒಳಗಿನ ಯಾವ ಸ್ಕ್ರಿಪ್ಟೂ (ಬ್ರೌಸರಿನಲ್ಲಿ ಓಡುವ ಪುಟ್ಟ ಪ್ರೋಗ್ರಾಂ) ಇನ್ನೂ ಓಡಿಲ್ಲ. 302 ಎಂದಿದ್ದು ವಿಳಾಸಪಟ್ಟಿಯಲ್ಲಿ ವಿಳಾಸವೇ ‘ಬೆಂಬಲಿತವಲ್ಲ’ ಪುಟದ್ದಾಗಿ ಬದಲಾಗಿದ್ದರೆ, ಸರ್ವರ್ ಬ್ರೌಸರಿನ ಹೆಸರು ನೋಡಿ ಬೇರೆ ಪುಟಕ್ಕೆ ಕಳಿಸಿದೆ. 429 ಎಂದಿದ್ದರೆ ಈ ವಿಳಾಸದಿಂದ ಕೋರಿಕೆಗಳು ಅತಿಯಾಗಿವೆ ಎಂದರ್ಥ, ಬ್ರೌಸರಿಗೂ ಅದಕ್ಕೂ ಸಂಬಂಧವಿಲ್ಲ. ಮೊದಲ ಸಾಲು 200 (ಸರ್ವರ್ ಪುಟ ಕೊಟ್ಟಿದೆ) ಎಂದಿದ್ದು, ಪುಟ ಒಂದು ಕ್ಷಣ ಕಂಡು ಆಮೇಲೆ ನಿರಾಕರಣೆಯ ಮಾತು ಮೂಡಿದರೆ, ತಡೆದದ್ದು ಪುಟದೊಳಗಿನ ಜಾವಾಸ್ಕ್ರಿಪ್ಟ್. ಆ ಒಂದು ಕ್ಷಣದ ಮಿಂಚನ್ನು ಗಮನಿಸುವವರು ಕಡಿಮೆ, ಆದರೆ ಅರ್ಧ ರೋಗಪರೀಕ್ಷೆ ಅದರಲ್ಲೇ ಮುಗಿಯುತ್ತದೆ.

403 ಬಂದಾಗ ಆ ಸಾಲಿನ ಮೇಲೆ ಕ್ಲಿಕ್ ಮಾಡಿ, ಪುಟದ ಜೊತೆ ಸರ್ವರ್ ಕಳಿಸಿದ ಹೆಡರುಗಳೆಂಬ ಮಾಹಿತಿ ಸಾಲುಗಳನ್ನೂ ಓದಬೇಕು. ಕ್ಲೌಡ್‌ಫ್ಲೇರ್‌ನಂತಹ ಕಾವಲು ಸೇವೆ ನಡುವೆ ನಿಂತು ಮನುಷ್ಯರೇ ಎಂದು ಪರೀಕ್ಷಿಸುತ್ತಿದ್ದರೆ ‘ಸಿಎಫ್-ಮಿಟಿಗೇಟೆಡ್’ ಎಂಬ ಹೆಡರಿನಲ್ಲಿ ‘ಚಾಲೆಂಜ್’ ಎಂಬ ಮೌಲ್ಯ ಇರುತ್ತದೆ, ಮತ್ತು ಪುಟದ ಅಡಿಯಲ್ಲಿ ‘ರೇ ಐಡಿ’ ಎಂಬ ಒಂದು ಗುರುತು ಮುದ್ರಿತವಾಗಿರುತ್ತದೆ. ಅದನ್ನು ಬರೆದಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ಹಾಗೇನೂ ಇಲ್ಲದೆ ಬೋಳು 403 ಬಂದರೆ ತಾಣದ ಸ್ವಂತ ಸರ್ವರಿನಲ್ಲೇ ಬ್ರೌಸರ್ ಹೆಸರಿನ ಪಟ್ಟಿ ಇರುವ ಸಂಭವ ಹೆಚ್ಚು.

ಹೆಸರು ನೋಡಿ ತಡೆಯುವ ತಾಣಗಳು

ಪ್ರತಿ ಕೋರಿಕೆಯ ಜೊತೆ ಬ್ರೌಸರ್ ತನ್ನ ಪರಿಚಯದ ಒಂದು ಸಾಲನ್ನು ಕಳಿಸುತ್ತದೆ. ಅದು ಯೂಸರ್ ಏಜೆಂಟ್ ಸಾಲು. ವಿಂಡೋಸಿನ ಕ್ರೋಮ್ 109 ಕಳಿಸುವ ಸಾಲನ್ನು ಓದಿದರೆ ಹೀಗಿರುತ್ತದೆ: ‘ಮೊಜಿಲ್ಲಾ/5.0 (ವಿಂಡೋಸ್ ಎನ್‌ಟಿ 10.0; ವಿನ್64; ಎಕ್ಸ್64) ಆಪಲ್‌ವೆಬ್‌ಕಿಟ್/537.36 (ಕೆಎಚ್‌ಟಿಎಂಎಲ್, ಲೈಕ್ ಗೆಕ್ಕೊ) ಕ್ರೋಮ್/109.0.0.0 ಸಫಾರಿ/537.36’. ಕ್ರೋಮ್ ಮೊಜಿಲ್ಲಾ ಅಲ್ಲ, ಸಫಾರಿಯೂ ಅಲ್ಲ, ಫೈರ್‌ಫಾಕ್ಸಿನ ಗೆಕ್ಕೊ ಎಂಜಿನ್ (ಪುಟವನ್ನು ಓದಿ ಚಿತ್ರಿಸುವ ಭಾಗ) ಅದರಲ್ಲಿಲ್ಲ. ಆದರೂ ಈ ಎಲ್ಲ ಹೆಸರುಗಳನ್ನೂ ಹೊತ್ತು ತಿರುಗುತ್ತದೆ. 1990ರ ದಶಕದಲ್ಲಿ, ಮೊಜಿಲ್ಲಾ ಎಂದು ಪರಿಚಯ ಹೇಳುತ್ತಿದ್ದ ಅಂದಿನ ಬ್ರೌಸರ್ ನೆಟ್‌ಸ್ಕೇಪಿಗೆ ಮಾತ್ರ ಒಳ್ಳೆಯ ಪುಟ ಕೊಡುತ್ತಿದ್ದ ತಾಣಗಳನ್ನು ದಾಟಲು ಇಂಟರ್ನೆಟ್ ಎಕ್ಸ್‌ಪ್ಲೋರರ್ ತನ್ನನ್ನು ಮೊಜಿಲ್ಲಾ ಎಂದು ಕರೆದುಕೊಂಡಿತು. ಆಮೇಲೆ ಬಂದ ಪ್ರತಿಯೊಂದೂ ಹಿಂದಿನದರ ಹೆಸರನ್ನು ಸೇರಿಸಿಕೊಂಡಿತು. ಹೆಸರು ನೋಡಿ ತಡೆಯುವ ಚಾಳಿ ಹೊಸದಲ್ಲವೆಂಬುದಕ್ಕೆ ಆ ಸಾಲೇ ಸಾಕ್ಷಿ.

ಈ ಸಾಲನ್ನು ತಾಣಗಳು ಓದುವ ರೀತಿ ಬಹಳ ಒರಟು. 2009ರಲ್ಲಿ ಒಪೇರಾ 10 ಬಂದಾಗ, ಆವೃತ್ತಿಯ ಮೊದಲ ಅಂಕಿಯನ್ನಷ್ಟೇ ಓದುತ್ತಿದ್ದ ತಾಣಗಳು ಅದನ್ನು ಒಪೇರಾ 1 ಎಂದು ತಿಳಿದು ಹೊರಗಿಟ್ಟವು. ಅದಕ್ಕಾಗಿ ಒಪೇರಾದವರು ಸಾಲಿನ ಆರಂಭದಲ್ಲಿ 9.80 ಎಂದೇ ಉಳಿಸಿ, ನಿಜವಾದ ಆವೃತ್ತಿಯನ್ನು ಕೊನೆಗೆ ಬರೆದರು. 2022ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ 100ನೇ ಆವೃತ್ತಿಗೆ ಬಂದಾಗ ಇದೇ ಭಯ ಮತ್ತೆ ಹುಟ್ಟಿತು: ಅಂಕಿಯನ್ನು ಅಕ್ಷರವೆಂದು ಹೋಲಿಸುವ ಸ್ಕ್ರಿಪ್ಟಿಗೆ ‘100’ ಎಂಬುದು ‘99’ಕ್ಕಿಂತ ಚಿಕ್ಕದು, ಏಕೆಂದರೆ ಅದು ಮೊದಲ ಅಕ್ಷರಗಳಾದ 1 ಮತ್ತು 9ನ್ನು ನೋಡಿಯೇ ತೀರ್ಪು ಕೊಡುತ್ತದೆ. ಫೈರ್‌ಫಾಕ್ಸಿನ ಕಥೆ ಇನ್ನೂ ವಿಚಿತ್ರ. ಅದರ ಸಾಲಿನಲ್ಲಿ ‘ಆರ್‌ವಿ’ ಎಂಬ ಇನ್ನೊಂದು ಸಂಖ್ಯೆಯಿರುತ್ತದೆ. ‘ಆರ್‌ವಿ:11’ ಎಂದು ಕಂಡರೆ ಇಂಟರ್ನೆಟ್ ಎಕ್ಸ್‌ಪ್ಲೋರರ್ 11 ಎಂದು ಭಾವಿಸುವ ತಾಣಗಳು ಇದ್ದುದರಿಂದ, 110ರಿಂದ 119ರವರೆಗಿನ ಫೈರ್‌ಫಾಕ್ಸುಗಳೆಲ್ಲ ಆ ಜಾಗದಲ್ಲಿ 109 ಎಂದೇ ಹೇಳಿಕೊಂಡವು. ವಿವಾಲ್ಡಿಯವರು 2019ರ ಡಿಸೆಂಬರಿನ 2.10ನೇ ಆವೃತ್ತಿಯಿಂದ ತಮ್ಮ ಹೆಸರನ್ನೇ ಸಾಲಿನಿಂದ ತೆಗೆದು ಕ್ರೋಮ್ ಎಂದು ಹೇಳಿಕೊಳ್ಳತೊಡಗಿದರು. ಎಂಜಿನ್ ಒಂದೇ ಆಗಿದ್ದರೂ ಹೆಸರಿನಿಂದಾಗಿ ತಾಣಗಳು ತಡೆಯುತ್ತಿದ್ದುದೇ ಅದಕ್ಕೆ ಕಾರಣ.

ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರ ಲ್ಯಾಪ್‌ಟಾಪಿನಲ್ಲಿ ಕಂಡ ದೋಷವನ್ನು ಇಲ್ಲಿ ವಿವರವಾಗಿ ಹೇಳುವುದು ಉಪಯುಕ್ತ. ಲಿನಕ್ಸಿನ ಮೇಲೆ ಪೇಲ್ ಮೂನ್ 33 ಇತ್ತು. ಪಾರ್ಸೆಲ್ ಬುಕಿಂಗ್ ಮಾಡುವ ಒಂದು ತಾಣ, ಲಾಗಿನ್ ಪುಟವನ್ನು ಮಿಂಚಿನಂತೆ ತೋರಿಸಿ, ‘ನಿಮ್ಮ ಬ್ರೌಸರ್ ಹಳೆಯದು, ನವೀಕರಿಸಿ’ ಎಂದು ಮುಚ್ಚಿಕೊಳ್ಳುತ್ತಿತ್ತು. ಬ್ರೌಸರ್ ಆಗಲೇ ಹೊಸದಾಗಿತ್ತು. ನೆಟ್‌ವರ್ಕ್ ಭಾಗದ ಮೊದಲ ಸಾಲು 200, ಅಂದರೆ ಸರ್ವರ್ ಒಳಬಿಟ್ಟಿದೆ, ತಕರಾರು ಸ್ಕ್ರಿಪ್ಟಿನದು. ಎಫ್12ರ ಒಳಗಿನ, ಸ್ಕ್ರಿಪ್ಟುಗಳನ್ನು ತೋರಿಸುವ ಡಿಬಗರ್ ಭಾಗದಲ್ಲಿ ಆ ನಿರಾಕರಣೆಯ ವಾಕ್ಯವನ್ನೇ ಹುಡುಕಿದಾಗ ಅದನ್ನು ತೋರಿಸುವ ಜಾಗ ಸಿಕ್ಕಿತು. ಅದರ ಮೇಲಿನ ನಾಲ್ಕಾರು ಸಾಲುಗಳಲ್ಲಿ ಕಾರಣವೂ ಇತ್ತು. ಆ ಸ್ಕ್ರಿಪ್ಟ್ ಸಾಲಿನಲ್ಲಿ ‘ಫೈರ್‌ಫಾಕ್ಸ್’ ಎಂಬ ಹೆಸರು ಇದೆಯೇ ಎಂದು ನೋಡುತ್ತಿತ್ತು. ಇದ್ದರೆ, ಇಡೀ ಸಾಲಿನ ಕಟ್ಟಕಡೆಯ ಓರೆಗೆರೆಯ ಮುಂದಿನ ಅಂಕಿಯನ್ನು ಆವೃತ್ತಿಯೆಂದು ತೆಗೆದುಕೊಳ್ಳುತ್ತಿತ್ತು. ಪೇಲ್ ಮೂನ್ ತಾಣಗಳ ಅನುಕೂಲಕ್ಕೆಂದು ಫೈರ್‌ಫಾಕ್ಸ್ ಹೆಸರನ್ನೂ ಸೇರಿಸಿ, ಕೊನೆಗೆ ‘ಪೇಲ್‌ಮೂನ್/33’ ಎಂದು ತನ್ನ ಪರಿಚಯ ಹೇಳುತ್ತದೆ. ಹೀಗಾಗಿ ತಾಣಕ್ಕೆ ಕಂಡದ್ದು ಫೈರ್‌ಫಾಕ್ಸ್ 33, ಅಂದರೆ 2014ರ ಬ್ರೌಸರ್. ಬಂದವರನ್ನು ಹೊರಗಿಟ್ಟದ್ದು ತಾಣದ ದೃಷ್ಟಿಯಿಂದ ಸರಿಯೇ ಆಗಿತ್ತು, ಓದಿದ್ದು ಮಾತ್ರ ತಪ್ಪಾಗಿತ್ತು.

ಇಂಥ ಕಡೆ ಹೆಸರು ಬದಲಿಸುವುದು ನ್ಯಾಯವಾದ ಪರಿಹಾರ, ಆದರೆ ಎಲ್ಲ ತಾಣಗಳಿಗೂ ಬದಲಿಸಬಾರದು. ಪೇಲ್ ಮೂನಿನಲ್ಲಿ ‘ಅಬೌಟ್ ಕಾನ್ಫಿಗ್’ ಪುಟ ತೆರೆದು, ‘ಜನರಲ್ ಡಾಟ್ ಯೂಸರ್‌ಏಜೆಂಟ್ ಡಾಟ್ ಓವರ್‌ರೈಡ್’ ಎಂಬುದರ ಮುಂದೆ ಚುಕ್ಕಿಯಿಟ್ಟು ತಾಣದ ಹೆಸರನ್ನು ಸೇರಿಸಿ ಹೊಸ ಸಾಲೊಂದನ್ನು ಮಾಡಿದರೆ, ಆ ಬದಲಾವಣೆ ಆ ಒಂದು ತಾಣಕ್ಕೆ ಮಾತ್ರ ಅನ್ವಯಿಸುತ್ತದೆ. ಅದರ ಮೌಲ್ಯವಾಗಿ ಮೊದಲಿದ್ದ ಸಾಲನ್ನೇ ಕೊಟ್ಟು, ಗೋವಾನಾ (ಪೇಲ್ ಮೂನಿನ ಎಂಜಿನ್) ಮತ್ತು ಪೇಲ್‌ಮೂನ್ ಎಂಬ ತುಣುಕುಗಳನ್ನಷ್ಟೇ ತೆಗೆದರೆ ಸಾಕಾಯಿತು. ಸಾಮಾನ್ಯ ಫೈರ್‌ಫಾಕ್ಸಿನಲ್ಲಿ ತಾಣದ ಹೆಸರು ಸೇರಿಸದ ಮೂಲ ಹೆಸರಿನಿಂದ ಎಲ್ಲ ತಾಣಗಳಿಗೂ ಒಟ್ಟಿಗೆ ಬದಲಾಗುತ್ತದೆ. ಆದ್ದರಿಂದ ಅಲ್ಲಿ ಪರೀಕ್ಷೆ ಮುಗಿದೊಡನೆ ಅಳಿಸಬೇಕು. ಕ್ರೋಮಿಯಂ ವರ್ಗದ (ಕ್ರೋಮಿನ ಎಂಜಿನ್ನನ್ನೇ ಬಳಸುವ) ಬ್ರೌಸರುಗಳಲ್ಲಿ ಎಫ್12ರ ಒಳಗೆ ‘ನೆಟ್‌ವರ್ಕ್ ಕಂಡಿಶನ್ಸ್’ ಎಂಬ ಭಾಗವಿದೆ. ಅಲ್ಲಿ ಯೂಸರ್ ಏಜೆಂಟ್ ಬದಲಿಸಿದರೆ ಆ ಕಿಟಕಿ ತೆರೆದಿರುವವರೆಗೆ ಮಾತ್ರ ಹೊಸ ಹೆಸರು ಇರುವುದರಿಂದ, ಪರೀಕ್ಷೆಗೆ ಅದೇ ಉತ್ತಮ.

ಯೂಸರ್ ಏಜೆಂಟ್ ಬದಲಿಸುವ ಎಕ್ಸ್‌ಟೆನ್ಶನ್ನುಗಳ ಬಗ್ಗೆ ಎಚ್ಚರಿಕೆಯ ಒಂದು ಮಾತು ಅಗತ್ಯ. ಮೂರು ನಾಲ್ಕು ವರ್ಷಗಳ ಹಿಂದೆ ಯಾವುದೋ ತಾಣಕ್ಕಾಗಿ ಯಾರೋ ಹಾಕಿಟ್ಟ ಅಂಥ ಎಕ್ಸ್‌ಟೆನ್ಶನ್, ಅಂದಿನ ಕ್ರೋಮಿನ ಹೆಸರನ್ನೇ ಇಂದಿಗೂ ಹೇಳುತ್ತಿರುತ್ತದೆ. ಅಂಗಡಿಯವರಿಗೆ ಅದು ಇರುವುದೇ ಮರೆತಿರುತ್ತದೆ. ‘ಬ್ರೌಸರ್ ಹಳೆಯದು’ ಎಂದು ಹಲವು ತಾಣಗಳು ಒಮ್ಮೆಲೇ ದೂರತೊಡಗಿದರೆ, ಉಳಿದದ್ದನ್ನೆಲ್ಲ ಬಿಟ್ಟು ಎಕ್ಸ್‌ಟೆನ್ಶನ್ನುಗಳ ಪಟ್ಟಿಯನ್ನು ಮೊದಲು ತೆರೆದು ನೋಡಬೇಕು.

ಹೆಸರು ಬದಲಿಸಿದ ಮೇಲೂ ತಡೆದರೆ

ಹೆಸರು ಬದಲಿಸಿದಾಗ ತಾಣ ತೆರೆಯಬಹುದು, ಮೊದಲಿನಂತೆಯೇ ಇರಬಹುದು, ಅಥವಾ ಮೊದಲು ಒಂದು ಸಲ ಕೇಳುತ್ತಿದ್ದ ‘ನೀವು ಮನುಷ್ಯರೇ’ ಎಂಬ ಪ್ರಶ್ನೆ ಈಗ ಮತ್ತೆ ಮತ್ತೆ ಬರತೊಡಗಬಹುದು. ಈ ಕೊನೆಯದು ಅತ್ಯಂತ ಸ್ಪಷ್ಟವಾದ ಸುಳಿವು. ಕಾವಲು ಸೇವೆಗಳು ಹೆಸರನ್ನು ನಂಬುವುದಿಲ್ಲ. ಹೆಸರಿಗೂ ನಡವಳಿಕೆಗೂ ತಾಳೆಯಾಗುತ್ತದೆಯೇ ಎಂದು ನೋಡುತ್ತವೆ. ಬೇರೆಯವರ ಗುರುತಿನ ಚೀಟಿ ತೋರಿಸಿ ಕಾಗದದ ಮೇಲೆ ತನ್ನದೇ ಸಹಿ ಹಾಕಿದವನನ್ನು ಬ್ಯಾಂಕಿನವರು ಹೆಚ್ಚು ಅನುಮಾನಿಸುವಂತೆ, ಸುಳ್ಳು ಹೆಸರಿನ ಬ್ರೌಸರನ್ನು ಅವು ಅಪರೂಪದ ಬ್ರೌಸರಿಗಿಂತ ಕೆಟ್ಟದ್ದೆಂದು ಎಣಿಸುತ್ತವೆ.

ತಾಳೆ ನೋಡುವ ಕ್ರಮ ಅರ್ಥವಾದರೆ ವ್ಯರ್ಥ ಪ್ರಯತ್ನಗಳು ತಪ್ಪುತ್ತವೆ. ಕ್ರೋಮಿಯಂ ವರ್ಗದ ಬ್ರೌಸರುಗಳು ಯೂಸರ್ ಏಜೆಂಟಿನ ಜೊತೆಗೆ ‘ಕ್ಲೈಂಟ್ ಹಿಂಟ್ಸ್’ ಎಂಬ ಇನ್ನೊಂದು ಪರಿಚಯವನ್ನೂ ಪ್ರತ್ಯೇಕ ಹೆಡರುಗಳಲ್ಲಿ ಕಳಿಸುತ್ತವೆ. ಬ್ರೇವ್ ತನ್ನ ಯೂಸರ್ ಏಜೆಂಟಿನಲ್ಲಿ ಕ್ರೋಮ್ ಎಂದೇ ಹೇಳಿಕೊಂಡರೂ ಈ ಹೆಡರಿನಲ್ಲಿ ಬ್ರೇವ್ ಎಂಬ ಹೆಸರು ಇರುತ್ತದೆ. ಫೈರ್‌ಫಾಕ್ಸ್ ಮತ್ತು ಸಫಾರಿ ಈ ಹೆಡರುಗಳನ್ನು ಕಳಿಸುವುದೇ ಇಲ್ಲ. ಆದ್ದರಿಂದ ಫೈರ್‌ಫಾಕ್ಸಿಗೆ ಕ್ರೋಮಿನ ಹೆಸರಿಟ್ಟು ಕಳಿಸಿದರೆ, ಇರಬೇಕಾದ ಹೆಡರುಗಳು ಇಲ್ಲವೆಂಬುದೇ ಅದರ ಗುಟ್ಟನ್ನು ಬಯಲುಮಾಡುತ್ತದೆ. ಇದಕ್ಕಿಂತ ಆಳದಲ್ಲಿ ಇನ್ನೊಂದಿದೆ. ಸುರಕ್ಷಿತ ಸಂಪರ್ಕ ಆರಂಭವಾಗುವಾಗ ಬ್ರೌಸರ್ ತನಗೆ ಬರುವ ಗೂಢಲಿಪಿ ಕ್ರಮಗಳ ಪಟ್ಟಿಯನ್ನು ಸರ್ವರಿಗೆ ಒಪ್ಪಿಸುತ್ತದೆ. ಯಾವ ಯಾವ ಕ್ರಮಗಳು, ಯಾವ ಅನುಕ್ರಮದಲ್ಲಿ ಎಂಬುದು ಒಂದೊಂದು ಎಂಜಿನ್ನಿನಲ್ಲಿ ಒಂದೊಂದು ಬಗೆ. ಅದರಿಂದಲೇ ಬ್ರೌಸರಿನ ಬೆರಳಚ್ಚು ತೆಗೆಯುವ ಜೆಎ3 ಎಂಬ ವಿಧಾನವನ್ನು 2017ರಲ್ಲಿ ಸೇಲ್ಸ್‌ಫೋರ್ಸ್ ಕಂಪನಿಯ ಎಂಜಿನಿಯರುಗಳು ಪ್ರಕಟಿಸಿದರು. ಯೂಸರ್ ಏಜೆಂಟ್ ಬದಲಿಸಿದ ಮಾತ್ರಕ್ಕೆ ಈ ಪಟ್ಟಿ ಬದಲಾಗುವಂಥದ್ದಲ್ಲ. 2025ರ ಆರಂಭದಲ್ಲಿ ಕ್ಲೌಡ್‌ಫ್ಲೇರ್‌ನ ತಪಾಸಣೆಯಲ್ಲಿ ಪೇಲ್ ಮೂನ್ ಮೊದಲಾದ ಅಪರೂಪದ ಬ್ರೌಸರುಗಳ ಬಳಕೆದಾರರು ಸಿಕ್ಕಿಹಾಕಿಕೊಂಡಿದ್ದು ವರದಿಯಾಗಿತ್ತು. ಅಂಥ ಸಂದರ್ಭದಲ್ಲಿ ಬಳಕೆದಾರರು ಮಾಡಬಹುದಾದದ್ದು ಕಡಿಮೆ; ಬ್ರೌಸರ್ ತಯಾರಕರೂ ಕಾವಲು ಸೇವೆಯವರೂ ಸೇರಿಯೇ ಬಿಡಿಸಬೇಕಾದ ಗಂಟು ಅದು.

ಆದರೂ ಒಂದು ಪರೀಕ್ಷೆ ಉಳಿದಿದೆ. ಲಿಬ್ರೆವುಲ್ಫಿನಲ್ಲಿ, ಮತ್ತು ಸೆಟ್ಟಿಂಗ್ ಬದಲಿಸಿಕೊಂಡ ಫೈರ್‌ಫಾಕ್ಸುಗಳಲ್ಲಿ, ‘ರೆಸಿಸ್ಟ್ ಫಿಂಗರ್‌ಪ್ರಿಂಟಿಂಗ್’ ಎಂಬ, ತಾಣಗಳು ಬ್ರೌಸರನ್ನು ಗುರುತು ಹಿಡಿಯದಂತೆ ಮಾಡುವ ರಕ್ಷಣೆ ಚಾಲೂ ಇರುತ್ತದೆ. ಅದು ಚಿತ್ರ ಬಿಡಿಸುವ ಕ್ಯಾನ್ವಾಸಿನ ಫಲಿತಾಂಶವನ್ನು ಕಲಸುತ್ತದೆ, ಕಾಲವಲಯವನ್ನು ಯುಟಿಸಿ ಎಂಬ ಜಾಗತಿಕ ಸಮಯವೆಂದು ಹೇಳುತ್ತದೆ. ಇದರ ಲಕ್ಷಣವನ್ನು ಸುಲಭವಾಗಿ ಗುರುತಿಸಬಹುದು: ಸಮಯ ಕಾಯ್ದಿರಿಸುವ ಪುಟಗಳಲ್ಲಿ ಬೆಳಗಿನ ಹತ್ತೂವರೆಯ ಜಾಗದಲ್ಲಿ ಐದು ಗಂಟೆ ಎಂದು ಕಾಣುತ್ತದೆ, ಅಂದರೆ ಸರಿಯಾಗಿ ಐದೂವರೆ ತಾಸಿನ ಹಿನ್ನಡೆ. ಬೇರೊಂದು ಪ್ರೊಫೈಲ್ ಮಾಡಿ, ಅದರಲ್ಲಿ ಮಾತ್ರ ಈ ರಕ್ಷಣೆಯನ್ನು ತೆಗೆದು ನೋಡಿದರೆ, ತಪಾಸಣೆಯ ಸುಳಿ ನಿಂತೀತೇ ಎಂಬುದು ಗೊತ್ತಾಗುತ್ತದೆ. ರಕ್ಷಣೆಯನ್ನು ಶಾಶ್ವತವಾಗಿ ಕಿತ್ತುಹಾಕುವಂತೆ ಗಿರಾಕಿಗೆ ಸಲಹೆ ಕೊಡುವುದು ನನ್ನ ಅಭಿಪ್ರಾಯದಲ್ಲಿ ಸರಿಯಲ್ಲ. ಅವರು ತಿಳಿದೇ ಅದನ್ನು ಹಾಕಿಕೊಂಡಿರುತ್ತಾರೆ.

ವಿಂಡೋಸ್ 7ರ ಯಂತ್ರಗಳು

ಇವು ಬೇರೆಯೇ ವರ್ಗ. ಇಲ್ಲಿ ತಾಣ ‘ನವೀಕರಿಸಿ’ ಎನ್ನುತ್ತದೆ, ಆದರೆ ನವೀಕರಿಸಲು ಏನೂ ಉಳಿದಿಲ್ಲ: ವಿಂಡೋಸ್ 7ಕ್ಕೆ ಬಂದ ಕೊನೆಯ ಕ್ರೋಮ್ 2023ರ ಜನವರಿಯ 109ನೇ ಆವೃತ್ತಿ. ಹೆಸರು ಬದಲಿಸಿದರೆ ಬಾಗಿಲು ತೆರೆಯುತ್ತದೆ, ಆದರೆ ಒಳಗೆ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಆಗ ಎಫ್12ರ ಕನ್ಸೋಲ್ ಭಾಗದಲ್ಲಿ ಕೆಂಪು ಸಾಲುಗಳನ್ನು ಓದಬೇಕು. ‘ಟುಸಾರ್ಟೆಡ್ ಈಸ್ ನಾಟ್ ಎ ಫಂಕ್ಷನ್’ ಎಂದು ಕಂಡರೆ, ಪುಟ ಬರೆದವರು ಕ್ರೋಮ್ 110ರಲ್ಲಿ ಮೊದಲ ಬಾರಿ ಬಂದ ಸೌಲಭ್ಯವೊಂದನ್ನು ಬಳಸಿದ್ದಾರೆ ಎಂದು ತಿಳಿಯಬೇಕು. 109ರಲ್ಲಿ ಅದು ಇಲ್ಲ, ಯಾವ ಹೆಸರಿಟ್ಟರೂ ಬರುವುದಿಲ್ಲ. ಫೈರ್‌ಫಾಕ್ಸ್ 115ರ ದೀರ್ಘಾವಧಿ ಆವೃತ್ತಿ ವಿಂಡೋಸ್ 7ರಲ್ಲಿ ಓಡುತ್ತದೆ ಮತ್ತು ಅದರಲ್ಲಿ ಈ ಸೌಲಭ್ಯವಿದೆ. ಆದ್ದರಿಂದ ಕ್ರೋಮಿನಲ್ಲಿ ಸತ್ತುಬಿದ್ದ ಪುಟ ಅದೇ ಯಂತ್ರದ ಫೈರ್‌ಫಾಕ್ಸಿನಲ್ಲಿ ಕೆಲಸ ಮಾಡುವುದು ಕಂಡು ಅಂಗಡಿಯವರು ಬೆರಗಾಗುವುದುಂಟು. ಇದು ತಾತ್ಕಾಲಿಕ ಉಪಾಯವಷ್ಟೆ. ಗಿರಾಕಿಗಳ ಆಧಾರ್, ಬ್ಯಾಂಕ್ ವಿವರಗಳನ್ನು ತುಂಬುವ ಯಂತ್ರ ವಿಂಡೋಸ್ 7ರಲ್ಲಿ ಉಳಿಯಬಾರದು.

ಬ್ರೌಸರಿನ ತಪ್ಪೆಂದು ಕಾಣುವ ಬೇರೆ ದೋಷಗಳು

ಆನ್‌ಲೈನ್ ಸೆಂಟರುಗಳಲ್ಲಿ ಬೆರಳಚ್ಚು ಯಂತ್ರದ ತಕರಾರು ಬಹಳ ಸಲ ಬ್ರೌಸರ್ ತಕರಾರಿನ ವೇಷದಲ್ಲಿ ಬರುತ್ತದೆ. ಆಧಾರ್ ದೃಢೀಕರಣದ ಬೆರಳಚ್ಚು ಯಂತ್ರ ನೇರವಾಗಿ ಬ್ರೌಸರಿನೊಂದಿಗೆ ಮಾತನಾಡುವುದಿಲ್ಲ. ಆರ್‌ಡಿ ಸರ್ವಿಸ್ ಎಂಬ ಪ್ರೋಗ್ರಾಂ ಕಂಪ್ಯೂಟರಿನೊಳಗೇ, 127.0.0.1 ಎಂಬ ಸ್ವಂತ ವಿಳಾಸದಲ್ಲಿ, 11100ರಿಂದ 11120ರವರೆಗಿನ ಯಾವುದಾದರೂ ಪೋರ್ಟಿನಲ್ಲಿ (ಸಂಪರ್ಕದ ದ್ವಾರದಲ್ಲಿ) ಕಾಯುತ್ತಿರುತ್ತದೆ. ತಾಣದ ಪುಟ ಅಲ್ಲಿಗೆ ಕೋರಿಕೆ ಕಳಿಸಿ ಬೆರಳಚ್ಚು ತರಿಸಿಕೊಳ್ಳುತ್ತದೆ. ಹೊರಗಿನ ತಾಣವೊಂದು ಯಂತ್ರದ ಒಳಗೆ ಇಣುಕುವುದನ್ನು ಬ್ರೇವ್ ಬ್ರೌಸರ್ 2023ರ 1.54ನೇ ಆವೃತ್ತಿಯಿಂದ ಅನುಮತಿಯಿಲ್ಲದೆ ಬಿಡುವುದಿಲ್ಲ. ಕ್ರೋಮ್ ಕೂಡ 142ನೇ ಆವೃತ್ತಿಯಿಂದ ಅನುಮತಿ ಕೇಳುವ ಸಣ್ಣ ಪೆಟ್ಟಿಗೆಯೊಂದನ್ನು ತೋರಿಸುತ್ತದೆ. ಗಡಿಬಿಡಿಯಲ್ಲಿ ಅದಕ್ಕೆ ‘ಬ್ಲಾಕ್’ ಒತ್ತಿದರೆ ಮುಗಿಯಿತು, ಆಮೇಲೆ ತಾಣ ‘ಡಿವೈಸ್ ಸಿಗಲಿಲ್ಲ’ ಎನ್ನುತ್ತಲೇ ಇರುತ್ತದೆ. ವಿಳಾಸಪಟ್ಟಿಯ ಎಡಬದಿಯ ಚಿಹ್ನೆ ಒತ್ತಿ, ಆ ತಾಣದ ಅನುಮತಿಗಳಲ್ಲಿ ತಡೆದಿಟ್ಟ ಆ ಅನುಮತಿಯನ್ನು ಕೊಟ್ಟರೆ ದೋಷ ಹೋಗುತ್ತದೆ. ಫೈರ್‌ಫಾಕ್ಸಿನಲ್ಲಿ ಮಾತ್ರ ಹೀಗಾಗುತ್ತಿದ್ದರೆ ಕಾರಣ ಬೇರೆ ಇರಬಹುದು: ಅದರ 120ಕ್ಕಿಂತ ಹಳೆಯ ಆವೃತ್ತಿಗಳು ಪ್ರಮಾಣಪತ್ರಗಳ (ಸಂಪರ್ಕವನ್ನು ನಂಬಬಹುದೆಂದು ತೋರಿಸುವ ಕಡತಗಳ) ತಮ್ಮದೇ ಸಂಗ್ರಹವನ್ನು ಇಟ್ಟುಕೊಳ್ಳುವುದರಿಂದ, ಆರ್‌ಡಿ ಸರ್ವಿಸ್ ವಿಂಡೋಸಿಗೆ ಒಪ್ಪಿಸಿದ ಪ್ರಮಾಣಪತ್ರವನ್ನು ಅವು ನಂಬದೆ ಹೋಗಬಹುದು.

ಗಡಿಯಾರವನ್ನು ಮರೆಯಬಾರದು. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತ ಯಂತ್ರದಲ್ಲಿ, ಕರೆಂಟು ಹೋಗಿ ಬಂದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗುತ್ತದೆ. ವರ್ಷಗಟ್ಟಲೆ ಹಿಂದೆ ಹೋದರೆ ಎಲ್ಲ ತಾಣಗಳೂ ಪ್ರಮಾಣಪತ್ರದ ದೋಷ ತೋರಿಸುವುದರಿಂದ ಬೇಗ ಗೊತ್ತಾಗುತ್ತದೆ. ಕೆಲವೇ ತಾಸು ತಪ್ಪಿದ್ದಾಗ ತಾಣ ತೆರೆಯುತ್ತದೆ, ಆದರೆ ಮನುಷ್ಯ ತಪಾಸಣೆ ಮುಗಿಯದೆ ಸುತ್ತುತ್ತಿರಬಹುದು.

ವಿಳಾಸದ ದೋಷವನ್ನು ಪತ್ತೆ ಮಾಡುವುದು ಅದಕ್ಕಿಂತಲೂ ಸುಲಭ: ಬ್ರೌಸರನ್ನು ಹಾಗೆಯೇ ಇಟ್ಟು, ಮೊಬೈಲಿನ ಹಾಟ್‌ಸ್ಪಾಟಿಗೆ ನೆಟ್ ಬದಲಿಸಿ ನೋಡಬೇಕು. ನೆಟ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಹಲವು ಗಿರಾಕಿಗಳಿಗೆ ಹಂಚುವುದರಿಂದ, ಅದೇ ವಿಳಾಸದ ಇನ್ಯಾರದೋ ಕಿಡಿಗೇಡಿತನಕ್ಕೆ ನಮ್ಮ ಅಂಗಡಿ ತಪಾಸಣೆಗೆ ಸಿಕ್ಕಿಕೊಳ್ಳುವುದುಂಟು. ಒಪೇರಾದಲ್ಲಿ ಒಳಗೇ ಇರುವ ವಿಪಿಎನ್ ಚಾಲೂ ಇದ್ದರೆ ಕೋರಿಕೆ ವಿದೇಶದ ವಿಳಾಸದಿಂದ ಹೋಗುತ್ತದೆ, ಮತ್ತು ಭಾರತದ ಒಳಗಿನ ವಿಳಾಸಗಳನ್ನಷ್ಟೇ ಬಿಡುವ ಸರ್ಕಾರಿ ತಾಣಗಳು ಅದನ್ನು ತಡೆಯುತ್ತವೆ. ಇಲ್ಲಿ ಒಪೇರಾ ಎಂಬ ಹೆಸರಿನ ತಪ್ಪು ಏನೂ ಇಲ್ಲ.

ಫೋನಿನಲ್ಲಿ ಬಂದಾಗ

ಹಳ್ಳಿಯಿಂದ ಬಂದ ಹಿರಿಯರು ಫೋನ್ ಕೈಗಿತ್ತು ‘ನೋಡಪಾ ತಮ್ಮಾ, ಒತ್ತಿದ್ರ ಒಳಗ ಹೋಗವಲ್ದು’ ಎಂದರೆ, ಆ ಕೊಂಡಿಯನ್ನು ಎಲ್ಲಿಂದ ಒತ್ತಿದರೆಂದು ಮೊದಲು ಕೇಳಬೇಕು. ಫೇಸ್‌ಬುಕ್‌ನಂತಹ ಆ್ಯಪ್‌ನ ಒಳಗೆಯೇ ತೆರೆದ ಪುಟ ಪೂರ್ಣ ಬ್ರೌಸರ್ ಅಲ್ಲ, ಆ್ಯಪ್‌ನೊಳಗಿನ ವೆಬ್‌ವ್ಯೂ. ಅಂಥ ಕಡೆ ಗೂಗಲ್ ಖಾತೆಯಿಂದ ಲಾಗಿನ್ ಆಗಲು ಹೋದರೆ ‘ದೋಷ 403: ಡಿಸ್‌ಅಲೌಡ್ ಯೂಸರ್‌ಏಜೆಂಟ್’ ಎಂದು ಬರುತ್ತದೆ. ಪಾಸ್‌ವರ್ಡನ್ನು ಆ್ಯಪ್ ಕದಿಯದಿರಲೆಂದು ಗೂಗಲ್ ಬೇಕೆಂದೇ ಇಟ್ಟ ತಡೆ ಅದು, ದಾಟಲು ನೋಡಬಾರದು. ಮೂರು ಚುಕ್ಕಿ ಒತ್ತಿ ಪುಟವನ್ನು ಹೊರಗಿನ ಬ್ರೌಸರಿನಲ್ಲಿ ತೆರೆದರೆ ಸಾಕು. ಒಪೇರಾ ಮಿನಿ ಪುಟವನ್ನು ತನ್ನ ಸರ್ವರಿನಲ್ಲಿ ಕುಗ್ಗಿಸಿ ಕಳಿಸುವುದರಿಂದ ಅರ್ಜಿ ತುಂಬುವ ಕೆಲಸಕ್ಕೆ ಅದು ತಕ್ಕುದಲ್ಲ. ಹಳೆಯ ಫೋನುಗಳಲ್ಲಿ ಉಳಿದಿರುವ ಯುಸಿ ಬ್ರೌಸರನ್ನು ಭಾರತ ಸರ್ಕಾರ 2020ರ ಜೂನಿನಲ್ಲಿ 59 ಆ್ಯಪ್‌ಗಳಲ್ಲಿ ಒಂದಾಗಿ ನಿಷೇಧಿಸಿದೆ; ಅದರಲ್ಲಿ ಕಂಡ ದೋಷವನ್ನು ಹುಡುಕುತ್ತ ಕೂರದೆ ಬ್ರೌಸರನ್ನೇ ಬದಲಿಸಬೇಕು. ‘ಡೆಸ್ಕ್‌ಟಾಪ್ ಸೈಟ್’ ಎಂದು ಗುರುತು ಹಾಕುವ ಉಪಾಯ ಎಲ್ಲರಿಗೂ ಗೊತ್ತು. ಅದು ಮಾಡುವುದೂ ಹೆಸರು ಬದಲಿಸುವುದನ್ನೇ: ಆಂಡ್ರಾಯ್ಡ್ ಕ್ರೋಮ್ ಆಗ ತನ್ನನ್ನು ಲಿನಕ್ಸ್ ಕಂಪ್ಯೂಟರ್ ಎಂದು ಪರಿಚಯಿಸಿಕೊಳ್ಳುತ್ತದೆ. ವಿಂಡೋಸನ್ನಷ್ಟೇ ಒಪ್ಪುವ ತಾಣದಲ್ಲಿ ಅದರಿಂದ ಉಪಯೋಗವಾಗದು.

ತಾಣದವರಿಗೆ ತಿಳಿಸುವುದು

ತಡೆ ತಾಣದ ಕಡೆಯದೆಂದು ಖಚಿತವಾದ ಮೇಲೆ ಅದನ್ನು ಸಹಾಯವಾಣಿಗೆ ಬರೆದು ತಿಳಿಸದಿದ್ದರೆ ಮುಂದಿನ ತಿಂಗಳೂ ಇದೇ ಕೆಲಸ. ‘ಸೈಟ್ ಓಪನ್ ಆಗುತ್ತಿಲ್ಲ’ ಎಂಬ ಮಿಂಚಂಚೆಗೆ ‘ಕ್ಯಾಶ್ ಅಳಿಸಿ, ಕ್ರೋಮ್ ಬಳಸಿ’ ಎಂಬ ಸಿದ್ಧ ಉತ್ತರವೇ ಬರುತ್ತದೆ. ಬದಲಾಗಿ, ಪುಟದ ಪೂರ್ತಿ ವಿಳಾಸ, ದಿನಾಂಕ ಮತ್ತು ಸಮಯ, ನೆಟ್‌ವರ್ಕ್ ಭಾಗದಲ್ಲಿ ಕಂಡ ಸ್ಥಿತಿಸಂಖ್ಯೆ, ರೇ ಐಡಿ ಇದ್ದರೆ ಅದು, ಬ್ರೌಸರಿನ ಯೂಸರ್ ಏಜೆಂಟ್ ಸಾಲು ಇದ್ದಂತೆಯೇ, ಹಾಗೂ ‘ಹೆಸರು ಮಾತ್ರ ಬದಲಿಸಿದಾಗ ಪುಟ ಪೂರ್ತಿ ಕೆಲಸ ಮಾಡಿತು’ ಎಂಬ ವಾಕ್ಯ, ಇಷ್ಟನ್ನು ಬರೆದರೆ ಪತ್ರ ಸಹಾಯವಾಣಿಯನ್ನು ದಾಟಿ ಸ್ಕ್ರಿಪ್ಟ್ ಬರೆದವರ ಮೇಜಿನವರೆಗೆ ಹೋಗುವ ಸಾಧ್ಯತೆಯಿದೆ. ಆ ಕೊನೆಯ ವಾಕ್ಯವೇ ಮುಖ್ಯ. ಬ್ರೌಸರಿಗೆ ಸಾಮರ್ಥ್ಯವಿದೆ, ತಡೆದದ್ದು ಹೆಸರು ಎಂಬುದಕ್ಕೆ ಅದಕ್ಕಿಂತ ನೇರವಾದ ಪುರಾವೆಯಿಲ್ಲ. ಫೈರ್‌ಫಾಕ್ಸ್ ಬಳಸುವವರು ಅದರ ಮೆನುವಿನಲ್ಲೇ ಇರುವ ‘ಕೆಟ್ಟ ತಾಣವನ್ನು ವರದಿ ಮಾಡಿ’ ಎಂಬ ಆಯ್ಕೆಯಿಂದಲೂ ತಿಳಿಸಬಹುದು. ದೊಡ್ಡ ತಾಣಗಳು ಸರಿಪಡಿಸದೆ ಉಳಿದಾಗ ಮೊಜಿಲ್ಲಾದವರೇ ಆ ತಾಣಕ್ಕೆ ಮಾತ್ರ ಬೇರೆ ಹೆಸರು ಹೇಳುವ ವ್ಯವಸ್ಥೆಯನ್ನು ಬ್ರೌಸರಿನೊಳಗೆ ಸೇರಿಸುತ್ತಾರೆ. ಹಾಗೆ ಸೇರಿಸಿದವುಗಳ ಪಟ್ಟಿಯನ್ನು ‘ಅಬೌಟ್ ಕಾಂಪ್ಯಾಟ್’ ಪುಟದಲ್ಲಿ ಯಾರು ಬೇಕಾದರೂ ನೋಡಬಹುದು.

ಉತ್ತರ ಬರುವವರೆಗೆ ಅಂಗಡಿಯ ಕೆಲಸ ನಿಲ್ಲಬಾರದಷ್ಟೆ. ತಕರಾರಿನ ತಾಣಕ್ಕೆಂದೇ ಒಂದು ಸಾಮಾನ್ಯ ಬ್ರೌಸರನ್ನು ಯಂತ್ರದಲ್ಲಿ ಇಟ್ಟು, ಎಕ್ಸ್‌ಟೆನ್ಶನ್ನುಗಳಿಲ್ಲದೆ, ಗಿರಾಕಿಗಳ ಪಾಸ್‌ವರ್ಡ್ ಉಳಿಸದಂತೆ ಸೆಟ್ಟಿಂಗ್ ಮಾಡಿ, ಅದಕ್ಕಷ್ಟೇ ಬಳಸುವುದು ಪ್ರಾಯೋಗಿಕ ಮಾರ್ಗ. ಯಾವ ತಾಣಕ್ಕೆ ಯಾವ ಹೆಸರಿಟ್ಟಿದೆ ಎಂಬುದನ್ನು ದಿನಾಂಕದೊಡನೆ ಒಂದು ಚೀಟಿಯಲ್ಲಿ ಬರೆದು ಮಾನಿಟರಿನ ಬದಿಗೆ ಅಂಟಿಸಬೇಕು. ಆರು ತಿಂಗಳಿಗೊಮ್ಮೆ ಅವುಗಳನ್ನು ಒಂದೊಂದಾಗಿ ತೆಗೆದು ತಾಣ ತಾನಾಗಿ ತೆರೆಯುತ್ತದೆಯೇ ಎಂದು ನೋಡಬೇಕು. ತೆರೆದರೆ ಆ ಸಾಲನ್ನು ಅಳಿಸಬೇಕು, ತೆರೆಯದಿದ್ದರೆ ಹೊಸ ಬ್ರೌಸರಿನ ಆವೃತ್ತಿಗೆ ಹೊಂದುವಂತೆ ಅಂಕಿಯನ್ನು ತಿದ್ದಬೇಕು.